ಪಥ್ಯದ ಸರ

ಕೂಸಿನ ನೆತ್ತಿ ಸುಳ್ಳು ಹೇಳುವುದಿಲ್ಲ ಅಂತ ನಮ್ಮೂರಲ್ಲಿ ಒಂದು ಮಾತಿದೆ. ನಾನು ಇಲ್ಲ ಅನ್ನುವುದಿಲ್ಲ. ನೆತ್ತಿ ಪಾಪ ಯಾಕೆ ಸುಳ್ಳು ಹೇಳೀತು? ಸುಳ್ಳು ಹೇಳುವುದು ಮೂಗು. ಅದರಲ್ಲೂ ಮೂಗಿನ ಮನೆಯ ನೀಲಕ್ಕನ ಮೂಗು. ಈ ಮಾತನ್ನು ಅವಳ ಮುಖಕ್ಕೇ ಹೇಳಿದವಳು ನಾನು, ಆದ್ದರಿಂದ ನಿಮ್ಮ ಮುಂದೆ ಹೇಳಲು ನನಗೇನೂ ಅಂಜಿಕೆಯಿಲ್ಲ.

ನಮ್ಮೂರಿನ ಬಾಣಂತಿ ಮಧ್ಯಾಹ್ನ ಏನು ಉಂಡಳೋ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅದರ ವಾಸನೆ ಅವಳ ಕೂಸಿನ ನೆತ್ತಿಯಿಂದ ಏಳುತ್ತದೆ. ಹುಳಿ ಉಂಡರೆ ಹುಳಿಯದು, ತೊವ್ವೆ ಉಂಡರೆ ತೊವ್ವೆಯದು. ಕೂಸಿಗೆ ಹಲ್ಲು ಮೂಡಿತೆಂದರೆ ನಿಂತುಹೋಗುತ್ತದೆ. ಇದರಲ್ಲಿ ಕೆಟ್ಟದ್ದೇನಿದೆ ಹೇಳಿ? ಹೋಳಿಗೆ ಉಂಡ ದಿನ ಕೂಸನ್ನೆತ್ತಿಕೊಂಡರೆ ಏಲಕ್ಕಿ ಘಮ್ಮೆನ್ನುತ್ತಿರುತ್ತದೆ, ಕೆಳಗಿಳಿಸಲು ಮನಸ್ಸೇ ಬರುವುದಿಲ್ಲ. ಕೆಟ್ಟದ್ದು ಶುರುವಾಗುವುದು ಕೂಸು ಹೊಟ್ಟೆನೋವಿಗೆ ಅತ್ತಾಗ. ಕೆಲವು ಎಳೆಗೂಸುಗಳು ಸಂಜೆಯಾಯಿತೆಂದರೆ ಮುಷ್ಟಿ ಬಿಗಿಹಿಡಿದು, ಮೊಣಕಾಲು ಹೊಟ್ಟೆಗೆ ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತವೆ. ಅಂಥ ಮನೆಗೆ ಮೂಗಿನ ಮನೆಯವರನ್ನು ಕರೆಸುತ್ತಾರೆ. ಅವರು ಬಂದು ನೆತ್ತಿ ಮೂಸಿ, ತಾಯಿ ತಿಂದ ಯಾವ ಪದಾರ್ಥದಿಂದ ನೋವು ಬಂತೆಂದು ಹೇಳಿ, ಅದನ್ನು ದಾರಕ್ಕೆ ಕಟ್ಟಿ ತಲೆಬಾಗಿಲ ಮೇಲಿನಿಂದ ಇಳಿಬಿಡುತ್ತಾರೆ. ಈ ಮನೆಯ ಬಾಣಂತಿಗೆ ಇದು ಕೂಡದು ಅಂತ ಬೀದಿಯಲ್ಲಿ ಹೋಗುವ ತರಕಾರಿಯವಳಿಗೂ ತಿಳಿಯಬೇಕಲ್ಲ! ಅದಕ್ಕೆ ಪಥ್ಯದ ಸರ ಅನ್ನುತ್ತಾರೆ. ಕೂಸು ಮತ್ತೂ ಅತ್ತರೆ ಅದರ ಕೆಳಗೆ ಇನ್ನೊಂದು ಪದಾರ್ಥ. ಸರ ಬೆಳೆದು ಬೆಳೆದು ಹೊಸ್ತಿಲು ಮುಟ್ಟಿತೋ, ಆ ತಾಯಿಯ ಹಾಲು ಆ ಕೂಸಿಗೆ ಆಗಿಬರುವುದಿಲ್ಲ ಅಂತ ತೀರ್ಮಾನ. ಗಂಡನ ಮನೆಯವರು ಬಂದು ಕೂಸನ್ನೆತ್ತಿಕೊಂಡು ಹೋಗುತ್ತಾರೆ. ಹಲ್ಲು ಬರುವವರೆಗೆ ತಾಯಿ ಅದನ್ನು ಮುಟ್ಟುವಂತಿಲ್ಲ.

ತುಂಗಾ ನನ್ನ ಗಂಡನ ತಂಗಿ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳಿನ್ನೂ ಲಂಗ ಹಾಕಿಕೊಳ್ಳುವ ಹುಡುಗಿ. ಒಲೆಯ ಮುಂದೆ ನಾನು ಕೂತರೆ ಪಕ್ಕದಲ್ಲಿ ಕೂತು ಕಾಯಿತುರಿಗೆ ಕೈಹಾಕುವಳು, ಬೈದರೆ ನಕ್ಕು ಇನ್ನೊಂದು ಹಿಡಿ ತೆಗೆಯುವಳು. ಅವಳು ಉಣ್ಣುವುದನ್ನು ನೋಡಿದರೆ ಉಂಡೆದ್ದವರಿಗೂ ಮತ್ತೆ ಹಸಿವಾಗಬೇಕು, ಹಾಗೆ ಉಣ್ಣುವಳು. ಅವಳನ್ನು ಕೆರೆಯಾಚೆ ಬೀದಿಯ ಪಂಚಾಕ್ಷರಿಗೆ ಕೊಟ್ಟೆವು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಹೆಣ್ಣುಕೂಸು ಹೆತ್ತಳು. ಬಾಣಂತಿತನದ ಅಡಿಗೆ ನನ್ನ ಪಾಲಿಗೆ ಬಂತು. ನನಗೆ ಅದಕ್ಕಿಂತ ಸಂತೋಷದ ಕೆಲಸ ಬೇರೆ ಯಾವುದಿತ್ತು!

ಕೆಲವು ದಿನ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಸಂಜೆ ಕೂಸು ಶುರುಮಾಡಿತು ನೋಡಿ, ಬೀದಿಗೆ ಬೀದಿಯೇ ಕಿವಿಗೊಡುವ ಹಾಗೆ. ವೀಳ್ಯದೆಲೆಗೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿ ಹೊಟ್ಟೆಯ ಮೇಲೆ ಹಾಕಿದೆ. ಇಂಗು ಕಲಸಿ ಹೊಕ್ಕುಳ ಸುತ್ತ ಬಳಿದೆ. ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿ ತೇಗಿಸಿದೆ. ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು ಹಜಾರದ ಉದ್ದಕ್ಕೂ ಓಡಾಡಿದಾಗ ಸ್ವಲ್ಪ ಹೊತ್ತು ಸುಮ್ಮನಾಯಿತು, ಮತ್ತೆ ಅದೇ ಅಳು. ರಾತ್ರಿ ಊಟದ ಹೊತ್ತಿಗೆ ತಾನಾಗಿಯೇ ನಿಲ್ಲಿಸಿ, ಏನೂ ಆಗಿಲ್ಲವೆಂಬಂತೆ ಹಾಲು ಕುಡಿದು ಮಲಗಿತು. ಮಾರನೆಯ ಸಂಜೆ ಮತ್ತೆ ಅದೇ ಹಾಡು. ಅಷ್ಟರಲ್ಲಿ ಅಕ್ಕಪಕ್ಕದವರು ಕಟ್ಟೆಯ ಮೇಲೆ ಕೂತು, ಏನು ತಿಂದಳೋ ಏನೋ ಅನ್ನುವುದಕ್ಕೆ ಶುರುಮಾಡಿದ್ದರು. ನಮ್ಮತ್ತೆ ಹೆದರಿದರು. ಅವರು ಕೆಟ್ಟವರಲ್ಲ, ಮಗಳೆಂದರೆ ಪ್ರಾಣ, ಆದರೆ ಬೀದಿಯೆಂದರೆ ಅದಕ್ಕಿಂತ ಹೆಚ್ಚಿನ ಭಯ. ನೀಲಕ್ಕನಿಗೆ ಹೇಳಿಕಳಿಸಿದರು.

ನೀಲಕ್ಕ ಬರುವುದೆಂದರೆ ಸಣ್ಣ ವಿಷಯವಲ್ಲ. ಮೂಗಿಗೆ ಅಡ್ಡಿಯಾದೀತೆಂದು ಹೂ ಮುಡಿಯುವುದಿಲ್ಲ, ಗಂಧ ಹಚ್ಚುವುದಿಲ್ಲ, ಯಾರ ಮನೆಯಲ್ಲೂ ಒಗ್ಗರಣೆ ಹಾಕುವ ಹೊತ್ತಿಗೆ ಕಾಲಿಡುವುದಿಲ್ಲ. ಜೊತೆಯಲ್ಲಿ ಮಗಳು ವಿಮಲಿ. ವಿಮಲಿಯ ಕಂಕುಳಲ್ಲಿ ಇನ್ನೂ ಹಲ್ಲು ಮೂಡದ ಅವಳ ಮಗ, ಗುಂಡಗೆ ಇದ್ದ, ಅಳುವುದೆಂದರೆ ಏನೆಂದೇ ಗೊತ್ತಿಲ್ಲದವನು. ಅವನನ್ನು ತೋರಿಸಿ ತೋರಿಸಿಯೇ ನೀಲಕ್ಕ ಊರಿಗೆಲ್ಲ ಬುದ್ಧಿ ಹೇಳುವುದು, ಪಥ್ಯ ಅಂದರೆ ನನ್ನ ಮಗಳ ಹಾಗೆ ಮಾಡಬೇಕು ಅಂತ. ಅವಳು ಅಳುತ್ತಿದ್ದ ನಮ್ಮ ಕೂಸಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು, ಬದನೆಕಾಯಿ ಅಂದಳು. ಹೌದು, ಮಧ್ಯಾಹ್ನ ಎಣ್ಣೆಗಾಯಿ ಮಾಡಿದ್ದೆ. ಒಂದು ಬದನೆಕಾಯಿ ದಾರಕ್ಕೆ ಏರಿತು.

ಮಾರನೆಯ ದಿನ ಬದನೆಕಾಯಿ ಇಲ್ಲ, ಅಳು ಇದೆ. ನೀಲಕ್ಕ ಬಂದು ಅವರೆಕಾಳು ಅಂದಳು. ಅದೂ ಹೋಯಿತು, ಅಳು ಹೋಗಲಿಲ್ಲ. ಆಲೂಗೆಡ್ಡೆ, ಕೋಸು, ಈರುಳ್ಳಿ, ನುಗ್ಗೆಕಾಯಿ ಒಂದೊಂದಾಗಿ ಬಾಗಿಲಿಗೆ ಹೋದವು. ಹಾಲು ಹೆಚ್ಚಲಿ ಅಂತ ಊರೂರಲ್ಲೂ ಬಾಣಂತಿಗೆ ಕೊಡುವ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಕೂಡ ಹೋದವು. ತೊಗರಿಬೇಳೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತೂಗಿಬಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಒಂದಾದರೂ ಬರೆಗೆ ಜ್ವರ ಇಳಿಯಿತೇ ಅಂತ ಯಾರಾದರೂ ನೋಡಬೇಕೋ ಬೇಡವೋ! ನಾನು ಕೇಳಿದೆ. ಬದನೆಕಾಯಿ ನಿಲ್ಲಿಸಿದರೂ ಅತ್ತಿತು ಅಂದಮೇಲೆ ಬದನೆಕಾಯಿಯದು ತಪ್ಪಲ್ಲ ತಾನೆ, ಅದನ್ನಾದರೂ ಇಳಿಸಿ ಅಂದೆ. ಒಮ್ಮೆ ಏರಿದ್ದು ಇಳಿಯುವ ಪದ್ಧತಿಯಿಲ್ಲ ಅಂದಳು ನೀಲಕ್ಕ.

ಊರಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆ. ಓದಿದವರು, ಇವರಾದರೂ ನ್ಯಾಯ ಹೇಳಿಯಾರು ಅಂತ. ಅವರು ಹೊಟ್ಟೆ ಒತ್ತಿ ನೋಡಿದರು, ತೂಕ ನೋಡಿದರು, ಕೂಸಿಗೆ ಏನೂ ಆಗಿಲ್ಲ, ಚೆನ್ನಾಗಿ ಬೆಳೆಯುತ್ತಿದೆ, ಕೆಲವು ಮಕ್ಕಳು ಹೀಗೆ ಅಳುತ್ತವೆ, ಮೂರು ನಾಲ್ಕು ತಿಂಗಳಿಗೆ ತಾನೇ ನಿಲ್ಲುತ್ತದೆ ಅಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಆ ಮಹಾರಾಯರು ಕೂಸಿನ ತಲೆಯ ಹತ್ತಿರ ಬಗ್ಗಿ, ಒಮ್ಮೆ ಮೂಸಿ, ಹೆಸರುಬೇಳೆ ತಿಂದಿದ್ದಾರಾ, ಬಿಡೋಕೆ ಹೇಳಿ ಅಂದುಬಿಟ್ಟರು. ಎಷ್ಟು ಓದಿದರೇನು, ಅವರೂ ನಮ್ಮೂರಿನವರೇ ತಾನೆ. ಆ ಸಂಜೆ ಹೆಸರುಬೇಳೆಯ ಗಂಟೂ ಏರಿತು.

ಇಷ್ಟರ ನಡುವೆ ಮನೆಯ ಗಂಡಸರು ಉಣ್ಣುತ್ತಿದ್ದರು. ಅದನ್ನು ಹೇಳದೆ ಬಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ. ಅವರೆಕಾಯಿಯ ಕಾಲ. ನನ್ನ ಗಂಡ ಹಿತಕಿದ ಬೇಳೆಯ ಸಾರು ಸುರಿದುಕೊಂಡು, ಇನ್ನೊಂದು ಸೌಟು ಹಾಕು ಅನ್ನುತ್ತಿದ್ದರೆ, ಗೋಡೆಯಾಚೆಯ ಕೋಣೆಯಲ್ಲಿ ತುಂಗಾ ಅನ್ನಕ್ಕೆ ಉಪ್ಪು ಕಲಸಿಕೊಂಡು ಕೂತಿರುತ್ತಿದ್ದಳು. ಪಂಚಾಕ್ಷರಿ ವಾರಕ್ಕೊಮ್ಮೆ ಹೆಂಡತಿ ಮಗುವನ್ನು ನೋಡಲು ಬರುವನು. ಅಳಿಯನೆಂದು ಅತ್ತೆ ಹೋಳಿಗೆ ಮಾಡಿಸುವರು. ಅವನು ತುಪ್ಪ ಹಾಕಿಸಿಕೊಂಡು ಉಂಡು, ಕೈ ತೊಳೆದು, ಬಾಗಿಲ ಬಳಿ ನಿಂತು, ಅಮ್ಮ ಕೇಳ್ತಿದ್ರು, ಪಥ್ಯ ಸರಿಯಾಗಿ ಮಾಡ್ತಿದ್ದಾಳಾ ಅಂತ ಅನ್ನುವನು. ಸರ ಎಷ್ಟು ಉದ್ದವಾಗಿದೆ ಅಂತ ಕಣ್ಣಲ್ಲೇ ಅಳೆದುಕೊಂಡು ಹೋಗುವನು. ಅವನ ತಾಯಿ ಆಗಲೇ ತೊಟ್ಟಿಲು ತೊಳೆಸಿಟ್ಟಿದ್ದಾರೆ ಅಂತ ಬೀದಿಯಲ್ಲಿ ಸುದ್ದಿ.

ತುಂಗಾ ಸೊರಗಿದಳು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕೂಸನ್ನೆತ್ತಿಕೊಂಡು ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಒಮ್ಮೆ ಕದ್ದು ಒಂದು ಬಟ್ಟಲು ತೊವ್ವೆ ಒಯ್ದುಕೊಟ್ಟೆ. ಅವಳು ಬಟ್ಟಲನ್ನು ಮುಟ್ಟಲಿಲ್ಲ. ಸಂಜೆ ನೆತ್ತಿ ಹೇಳಿಬಿಡುತ್ತೆ ಅತ್ತಿಗೆ, ಕೂಸನ್ನ ಕಿತ್ಕೊಂಡು ಹೋಗ್ತಾರೆ ಅಂದಳು. ಕಾಯಿತುರಿಗೆ ಕೈಹಾಕುತ್ತಿದ್ದ ಹುಡುಗಿ ಇವಳೇ. ಅಡಿಗೆಮನೆಗೆ ಬಂದು ನಾನು ಆ ತೊವ್ವೆಯನ್ನು ಹಸುವಿನ ಕಲಗಚ್ಚಿಗೆ ಸುರಿದೆ.

ಆ ದಿನ ಕಲಗಚ್ಚಿನ ಮುಂದೆ ನಿಂತಾಗಲೇ ನನಗೆ ನನ್ನ ಮಗ ನೆನಪಾದ. ಈಗ ಶಾಲೆಗೆ ಹೋಗುತ್ತಾನೆ. ಎಳೆಗೂಸಾಗಿದ್ದಾಗ ಅವನು ಒಂದು ಸಂಜೆಯೂ ಅತ್ತವನಲ್ಲ. ಆಗ ನಾನೇನು ಉಂಡೆ ಅಂತ ಒಬ್ಬರಾದರೂ ಕೇಳಿದರೇ? ಬದನೆಕಾಯಿ ಉಂಡಿದ್ದೆ, ಅವರೆಕಾಳು ಉಂಡಿದ್ದೆ, ಹಲಸಿನ ಹಣ್ಣಿನ ಕಾಲದಲ್ಲಿ ಅದನ್ನೂ ಬಿಟ್ಟಿರಲಿಲ್ಲ. ನೆತ್ತಿ ಅದನ್ನೆಲ್ಲ ಹೇಳಿಯೇ ಇತ್ತು, ನನಗೊಬ್ಬಳಿಗೆ. ನಗುವ ಕೂಸಿನ ನೆತ್ತಿಗೆ ಹೊರಗಿನವರು ಮೂಗು ಒಡ್ಡಿದರೆ ದೃಷ್ಟಿಯಾಗುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಮನೆಯವರಿಗೆ ವಾಸನೆ ಬಂದರೂ ಬಾಯಿಬಿಟ್ಟು ಹೇಳುವಂತಿಲ್ಲ. ಹೀಗಾಗಿ ಊರಿಗೆ ಊರೇ ಅಳುವ ಕೂಸುಗಳನ್ನಷ್ಟೇ ಮೂಸಿಕೊಂಡು ಬಂದಿದೆ. ಇದು ಹೊಳೆದಾಗ ನನಗೆ ಬಂದ ಸಿಟ್ಟು ನೀಲಕ್ಕನ ಮೇಲೆ ಮಾತ್ರ ಅಲ್ಲ. ಇಷ್ಟು ದಿನ ಇದು ಯಾರ ತಲೆಗೂ ಹೊಳೆಯಲಿಲ್ಲವಲ್ಲ ಅಂತ ಇಡೀ ಊರಿನ ಮೇಲೆ ಬಂತು.

ಸರಕ್ಕೆ ಬೆಲ್ಲ ಏರಿತು, ಕೊಬ್ಬರಿ ಏರಿತು. ತುಪ್ಪ, ಮೆಣಸಿನ ಸಾರು ಎರಡನ್ನೂ ಅತ್ತೆಯೇ ಹೆದರಿ ನಿಲ್ಲಿಸಿದರು. ಕೊನೆಕೊನೆಗೆ ತುಂಗಾ ಎರಡು ತುತ್ತು ಸಪ್ಪೆ ಅನ್ನಕ್ಕೆ ಇಳಿದಿದ್ದಳು. ಅವತ್ತು ಅದೂ ಬೇಡವೆಂದು ಬರಿಹೊಟ್ಟೆಯಲ್ಲಿ ಮಲಗಿದ್ದಳು. ಸರದ ತುದಿಗೂ ಹೊಸ್ತಿಲಿಗೂ ನಡುವೆ ಒಂದು ಗೇಣು ಉಳಿದಿತ್ತು. ಪಂಚಾಕ್ಷರಿ ಬಂದಿದ್ದ, ಇವತ್ತು ಏನಾಗುತ್ತದೋ ನೋಡಿಕೊಂಡು ಹೋಗಲು ಅವನ ತಾಯಿ ಕಳಿಸಿದ್ದರು. ಜಗಲಿಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ದೀಪ ಹಚ್ಚಿದೆವು, ಕೂಸು ಅಳಲು ತೊಡಗಿತು. ನೀಲಕ್ಕ ಕೋಣೆಗೆ ಹೋಗಿ ತುಂಗಾಳ ಪಕ್ಕದಲ್ಲಿದ್ದ ಕೂಸಿನ ಮೇಲೆ ಬಗ್ಗಿ ಮೂಸಿದಳು. ಮತ್ತೆ ಮೂಸಿದಳು. ಅವಳ ಹುಬ್ಬು ಗಂಟಿಕ್ಕಿತು. ಏನೂ ವಾಸನೆಯಿಲ್ಲ ಅಂದಳು.

ನಮ್ಮತ್ತೆ ಕೈಮುಗಿದು ಗೋಡೆಗೊರಗಿದರು. ನೆತ್ತಿ ಶುದ್ಧವಾಯಿತು, ಗಂಡಾಂತರ ಕಳೆಯಿತು ಅಂದುಕೊಂಡರು ಪಾಪ. ಹೆತ್ತ ತಾಯಿಯ ಹೊಟ್ಟೆಯಲ್ಲಿ ಏನೇನೂ ಇಲ್ಲ ಅನ್ನುವುದು ಆ ನೆತ್ತಿ ಹೇಳಿದ್ದ ಸುದ್ದಿ, ಅದು ಅಲ್ಲಿದ್ದ ಒಬ್ಬರಿಗೂ ತಾಕಲಿಲ್ಲ. ಕೂಸು ಮಾತ್ರ ಮುಂಚಿನಷ್ಟೇ ಗಟ್ಟಿಯಾಗಿ ಅಳುತ್ತಿತ್ತು. ಈಗಲಾದರೂ ನೀಲಕ್ಕ, ನನಗೆ ತಿಳಿಯದು ಅನ್ನುತ್ತಾಳೆ ಅಂತ ನಾನು ಕಾದೆ. ಅವಳು ಇನ್ನೊಮ್ಮೆ ಮೂಸಿ, ತಲೆಯಾಡಿಸಿ ಹೇಳಿದಳು:

"ಇದು ನೀರಿನ ವಾಸನೆ. ಹುಡುಗಿ ನೀರು ಜಾಸ್ತಿ ಕುಡೀತಾಳೆ."

ಒಂದು ಮಣ್ಣಿನ ಕುಡಿಕೆ ತರಿಸಿದಳು. ನೀರು ತುಂಬಿ, ಕುತ್ತಿಗೆಗೆ ದಾರ ಬಿಗಿದು, ಕೊಬ್ಬರಿಯ ಕೆಳಗೆ ಕಟ್ಟಿದಳು. ಕುಡಿಕೆಯ ತಳ ಹೊಸ್ತಿಲಿಗೆ ತಾಗಿ ಟಕ್ಕೆಂದಿತು. ಬೀದಿಯವರೆಲ್ಲ ಅದನ್ನು ಕೇಳಿಸಿಕೊಂಡರು. ಪಂಚಾಕ್ಷರಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದುನಿಂತ.

ನನಗೆ ಆಗ ಏನಾಯಿತೋ, ಮೈಯೆಲ್ಲ ಹತ್ತಿಕೊಂಡು ಉರಿಯಿತು. ನೇರ ವಿಮಲಿಯ ಹತ್ತಿರ ಹೋದೆ. ಅವಳ ಹೆಗಲ ಮೇಲೆ ಆ ಗುಂಡ ಬೊಚ್ಚುಬಾಯಿ ಬಿಟ್ಟು ನನ್ನನ್ನೇ ನೋಡಿ ನಗುತ್ತಿದ್ದ. ಅವನ ತಲೆಯನ್ನು ಎರಡು ಕೈಯಲ್ಲಿ ಹಿಡಿದು, ಎಲ್ಲರೂ ನೋಡುತ್ತಿರುವಂತೆಯೇ, ನೆತ್ತಿಗೆ ಮೂಗಿಟ್ಟು ಮೂಸಿದೆ. ಹೆಂಗಸರು ಹೌಹಾರಿ ಹಿಂದೆ ಸರಿದರು. ನೀಲಕ್ಕ ನನ್ನ ರಟ್ಟೆ ಹಿಡಿದೆಳೆದಳು.

"ಬದನೆಕಾಯಿ," ಅಂದೆ. "ಬೆಳ್ಳುಳ್ಳಿ ಹಾಕಿದ ಬದನೆಕಾಯಿ. ಹಿತಕಿದ ಬೇಳೆ ಸಾರು. ಮೇಲೊಂದು ಬೆಲ್ಲದ ಪಾಯಸ. ಏನೇ ವಿಮಲಿ, ಸುಳ್ಳಾದ್ರೆ ಸುಳ್ಳು ಅನ್ನು."

ವಿಮಲಿ ತಲೆತಗ್ಗಿಸಿದಳು. ನೀಲಕ್ಕ ಬಿಡುವವಳೇ? ತನ್ನ ಮೊಮ್ಮಗನ ಹೊಟ್ಟೆ ಗಟ್ಟಿ, ಅದಕ್ಕೆ ಏನಾದರೂ ತಡೆಯುತ್ತದೆ ಅಂದಳು. ಹಾಗಾದರೆ ಹೊಟ್ಟೆ ಕೂಸಿನದು ತಾನೆ, ಶಿಕ್ಷೆ ನಮ್ಮ ಹುಡುಗಿಗೆ ಯಾಕೆ ಅಂದೆ. ನಗುವ ಕೂಸನ್ನು ಮೂಸಬಾರದು ಅಂದಳು. ಮೂಸಿದ್ದರೆ ನಿಮ್ಮ ಮೂಗಿನ ಮನೆಯ ಬಾಗಿಲು ಎಂದೋ ಮುಚ್ಚಬೇಕಾಗಿತ್ತು, ಸುಳ್ಳು ಹೇಳೋದು ನಿಮ್ಮ ಮೂಗು ಅಂದೆ. ಹಿಂದೆ ಯಾರೋ ಒಬ್ಬಳು ಮೆಲ್ಲಗೆ ತನ್ನ ಸೊಸೆಯ ಕೂಸಿನ ನೆತ್ತಿಗೆ ಮೂಗು ತಂದಳು. ಅದು ನಿದ್ದೆ ಮಾಡುತ್ತಿತ್ತು. ಅವಳು ಪಕ್ಕದವಳ ಕಿವಿಯಲ್ಲಿ, ಕೋಸು ಅಂದದ್ದು ನನಗೂ ಕೇಳಿಸಿತು. ಆದರೆ ಇಷ್ಟಾದರೂ ಒಬ್ಬರೂ ಮುಂದೆ ಬಂದು, ಕೂಸನ್ನು ಕೊಡಬೇಡಿ ಅನ್ನಲಿಲ್ಲ. ಸರ ಹೊಸ್ತಿಲು ಮುಟ್ಟಿದೆಯಲ್ಲ ಅಂದರು. ನನ್ನ ಗಂಡನೂ ಅದನ್ನೇ ಅಂದರು, ಕಂಬ ನೋಡಿಕೊಂಡು. ನಾನು ಬಾಯಿ ಹರಿದುಕೊಂಡದ್ದೆಲ್ಲ ನೀರಲ್ಲಿ ಹೋಮವಾಯಿತು ಅಂತ ಕಣ್ಣಲ್ಲಿ ನೀರು ಬಂತು.

ಆಗ ತುಂಗಾ ಹೊರಗೆ ಬಂದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿಹೋಗಿತ್ತು. ಅಳುವ ಕೂಸು ತೋಳಲ್ಲಿತ್ತು. ಗೋಡೆ ಹಿಡಿದುಕೊಂಡು ನಡೆದು ತಲೆಬಾಗಿಲಿಗೆ ಬಂದು, ಗಂಡನ ಮುಖ ನೋಡಿದಳು.

"ನಿಮ್ಮ ತಿಂಡಿ ಆಯ್ತಾ?" ಅಂದಳು.

ಅವನು ಆಯಿತೆಂದು ತಲೆಯಾಡಿಸಿದ.

"ಹಾಗಾದ್ರೆ ಇವಳನ್ನ ಹಿಡ್ಕೊಳ್ಳಿ."

ಕೂಸನ್ನು ಅವನ ಕೈಯಲ್ಲಿಟ್ಟಳು. ಕೊಟ್ಟೇಬಿಟ್ಟಳು, ಸೋತಳು ಅಂತ ನಾನು ಎದೆ ಹಿಡಿದುಕೊಂಡೆ. ನಮ್ಮತ್ತೆ ಗೊಳೋ ಎಂದರು. ತುಂಗಾ ಹೊಸ್ತಿಲ ಮೇಲೆ ಕೂತಳು. ಕೂತು, ಕುಡಿಕೆಯ ದಾರವನ್ನು ಹಲ್ಲಿನಿಂದ ಕಡಿದು, ಎರಡೂ ಕೈಯಲ್ಲಿ ಎತ್ತಿ ಕುಡಿಯತೊಡಗಿದಳು. ಗಟಗಟ ಅನ್ನುವ ಸದ್ದು ಕೂಸಿನ ಅಳುವಿನ ನಡುವೆಯೂ ಕೇಳುತ್ತಿತ್ತು. ನೀರು ಗದ್ದದಿಂದ ಕುತ್ತಿಗೆಗೆ ಇಳಿದು ರವಿಕೆ ನೆನೆಯಿತು. ಕೊನೆಯ ಹನಿಯವರೆಗೂ ಕುಡಿದು ಕುಡಿಕೆಯನ್ನು ಪಕ್ಕಕ್ಕಿಟ್ಟು, ಬಾಯಿ ಒರೆಸಿಕೊಂಡಳು. ಆಮೇಲೆ ಕೈಚಾಚಿ ಕೊಬ್ಬರಿ ಕಿತ್ತಳು, ಅದರ ಮೇಲಿನ ಬೆಲ್ಲ ಕಿತ್ತಳು, ಎರಡನ್ನೂ ಕಚ್ಚಿ ಕಚ್ಚಿ ತಿನ್ನತೊಡಗಿದಳು. ಇಷ್ಟು ದಿನದ ಮೇಲೆ ಅವಳ ಎರಡೂ ಕೆನ್ನೆ ತುಂಬಿದ್ದು ನೋಡಿದೆ.

ಒಮ್ಮೆ ಏರಿದ್ದನ್ನ ಇಳಿಸಬಾರದು ಕಣೇ ಅಂತ ನೀಲಕ್ಕ ಕೂಗಿದಳು. ತುಂಗಾ ಬಾಯಲ್ಲಿದ್ದುದನ್ನು ನುಂಗಿದಳು.

"ನೋಡಿ ನೀಲಕ್ಕ. ಸರ ಹೊಸ್ತಿಲು ಮುಟ್ತಿಲ್ಲ."

ಎಲ್ಲರೂ ನೋಡಿದರು. ಮುಟ್ಟಿರಲಿಲ್ಲ. ಮೊಣಕಾಲಿನೆತ್ತರದಲ್ಲಿ ತೂಗುತ್ತಿತ್ತು. ಅವಳು ಬೇಳೆಯ ಗಂಟುಗಳೆರಡನ್ನೂ ಬಿಚ್ಚಿ ನನ್ನ ಕಡೆ ಚಾಚಿದಳು.

"ಅತ್ತಿಗೆ, ಹಸಿವಾಗ್ತಿದೆ. ಇದನ್ನ ಬೇಯಿಸಿ."

ನಾನು ಓಡಿದೆ. ಒಲೆ ಹೊತ್ತಿಸಿದೆ. ಬೇಳೆ ಬೇಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಹೊರಗೆ ನಿಂತವರ ಮೂಗಿಗೆಲ್ಲ ಏರಲಿ ಅಂತ ಇಂಗು ಸಾಸಿವೆಯ ಒಗ್ಗರಣೆ ಕೊಟ್ಟೆ. ಬಿಸಿ ಅನ್ನ, ಬಿಸಿ ತೊವ್ವೆ, ಮೇಲೆ ತುಪ್ಪ. ಹೊಸ್ತಿಲ ಮೇಲೆಯೇ ಕೂತು ಅವಳು ಉಂಡಳು. ಅತ್ತೆ ಬಂದು ಮತ್ತೊಂದು ಚಮಚ ತುಪ್ಪ ಹಾಕಿದರು. ಪಂಚಾಕ್ಷರಿ ಅಳುವ ಕೂಸನ್ನು ಹಿಡಿದುಕೊಂಡು ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ. ಮುಂಗೈ ಮೇಲೆ ಬೋರಲು ಮಲಗಿಸಿಕೊಳ್ಳಪ್ಪ ಅಂದೆ. ಹಾಗೇ ಮಾಡಿದ. ಅವಳ ಊಟ ಮುಗಿಯುವವರೆಗೂ ಕೂಸನ್ನು ಯಾರ ಕೈಗೂ ದಾಟಿಸಲು ನಾನು ಬಿಡಲಿಲ್ಲ. ಮನೆಗೆ ಬರಿಗೈಯಲ್ಲಿ ಹೋಗಿ ತಾಯಿಗೆ ಏನು ಹೇಳಿದನೋ ಗೊತ್ತಿಲ್ಲ, ಮರುದಿನ ಸಂಜೆ ಕರೆಯದೆಯೇ ಬಂದು ಕೂಸಿಗೆ ಕೈಚಾಚಿದ.

ಆಮೇಲೂ ಕೂಸು ಅತ್ತಿತು. ನೆತ್ತಿಯಲ್ಲಿ ತೊವ್ವೆ ಘಮಘಮಿಸುತ್ತಿದ್ದಾಗಲೂ ಅಷ್ಟೇ, ಎಣ್ಣೆಗಾಯಿ ಘಮಘಮಿಸುತ್ತಿದ್ದಾಗಲೂ ಅಷ್ಟೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆದರೆ ಈಗ ಅದನ್ನೆತ್ತಿಕೊಂಡು ಓಡಾಡಲು ತಾಯಿಗೆ ಕಾಲಲ್ಲಿ ಶಕ್ತಿಯಿತ್ತು. ಒಂದು ದಿನ ದೀಪ ಹಚ್ಚಿ ಎಲ್ಲರೂ ಅಳುವಿಗೆ ಕಾದು ಕೂತೆವು, ಕೂಸು ದೀಪ ನೋಡಿಕೊಂಡು ಸುಮ್ಮನಿತ್ತು. ಮಾರನೆಯ ದಿನವೂ ಅಳಲಿಲ್ಲ. ಅಷ್ಟೇ, ಮುಗಿಯಿತು. ಕೆರೆಯ ಹತ್ತಿರ ನೀಲಕ್ಕ ಏನು ಹೇಳಿಕೊಂಡು ತಿರುಗಿದಳು ಗೊತ್ತೇ? ನಾನು ನೀರು ಕಟ್ಟಿದ ಮೇಲೆ ತಾನೆ ನಿಂತಿದ್ದು ಅಂದಳಂತೆ. ಕೇಳಿದಾಗ ನನ್ನ ಕೈಯಲ್ಲಿ ಸೌಟಿತ್ತು, ಅವಳು ಎದುರಿಗಿರಲಿಲ್ಲ, ಅವಳ ಪುಣ್ಯ. ಊರಲ್ಲಿ ಇನ್ನೂ ಸರ ಕಟ್ಟುತ್ತಾರೆ. ಆದರೆ ಈಗ ಕೆಲವು ಮನೆಯವರು ಕರೆಸುವಾಗಲೇ, ಪಕ್ಕದ ಮನೆಯ ನಗುವ ಕೂಸನ್ನೂ ಮೂಸಿ ಹೇಳ್ಬೇಕು ಅನ್ನುತ್ತಾರಂತೆ. ಅಂಥ ಮನೆಗೆ ಅವಳಿಗೆ ಬಿಡುವೇ ಸಿಗುವುದಿಲ್ಲ.

ಆ ಕುಡಿಕೆ ಈಗಲೂ ನಮ್ಮ ಅಡಿಗೆಮನೆಯಲ್ಲಿದೆ. ದಾರದ ತುಂಡು ಇನ್ನೂ ಅದರ ಕುತ್ತಿಗೆಗಿದೆ, ನಾನೇ ಬಿಚ್ಚಿಲ್ಲ. ತುಂಗಾ ತವರಿಗೆ ಬಂದಾಗ, ಬಿಸಿಲಲ್ಲಿ ಮಗಳನ್ನೆತ್ತಿಕೊಂಡು ನಡೆದು ಬಂದಿರುತ್ತಾಳಲ್ಲ, ಮಾತಾಡಿಸುವುದಕ್ಕೆ ಮೊದಲು ಅದರಲ್ಲೇ ನೀರು ತುಂಬಿ ಕೊಡುತ್ತೇನೆ. ಅವಳು ಹೊಸ್ತಿಲ ಮೇಲೆ ನಿಂತು ಪೂರ್ತಿ ಕುಡಿಯುವವರೆಗೆ ನಾನು ಪಕ್ಕದಲ್ಲೇ ನಿಂತಿರುತ್ತೇನೆ.